ಪೂವಪ್ಪನ ಬುಟ್ಟಿಯ ಲೆಕ್ಕ

ಮಂಗಳೂರಿನಲ್ಲಿ ಒಂದೂ ಸನ್ಮಾನವಿಲ್ಲದೆ ಅರವತ್ತು ವರ್ಷ ಬದುಕುವುದು ಸುಲಭದ ಮಾತಲ್ಲ. ಸಂಜೆಯಾದರೆ ಸಾಕು, ಸಂಘ ಸಂಸ್ಥೆಗಳು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಬರಿಯ ಹೆಗಲುಗಳನ್ನು ಹುಡುಕುತ್ತಿರುತ್ತವೆ. ರಕ್ತ ಕೊಟ್ಟವನಿಗೆ ಸನ್ಮಾನ, ರಕ್ತ ತೆಗೆದವನಿಗೆ ಸನ್ಮಾನ, ಇವರಿಬ್ಬರ ಸನ್ಮಾನದ ಫೋಟೊ ತೆಗೆದವನಿಗೂ ಸನ್ಮಾನ. ಇಷ್ಟು ಶಾಲುಗಳು ಹಾರಾಡುವ ಊರಿನಲ್ಲಿ ಹೊಸಬೆಟ್ಟಿನ ಪೂವಪ್ಪನ ಹೆಗಲಿಗೆ ಮಾತ್ರ ಒಂದೂ ಬಂದು ಬಿದ್ದಿರಲಿಲ್ಲ. ಪಕ್ಕದ ಮನೆಯ ವಿಲ್ಲಿಗೆ ಕುವೈಟಿಗೆ ಹೋದದ್ದಕ್ಕೆ ಒಂದು, ಕುವೈಟಿನಿಂದ ಬಂದದ್ದಕ್ಕೆ ಒಂದು ಎಂದು ಎರಡು ಶಾಲು ಸಿಕ್ಕಿದ್ದವು. ಅವೆರಡೂ ಅವನ ಮನೆಯ ಸೋಫಾದ ಬೆನ್ನ ಮೇಲೆ ಹರಡಿಕೊಂಡು ಪೂವಪ್ಪನನ್ನು ನೋಡುತ್ತಿದ್ದವು.

ಪೂವಪ್ಪ ಪಣಂಬೂರು ಬಂದರಿನಲ್ಲಿ ಮೂಟೆ ಎಣಿಸುವ ಕೆಲಸದಲ್ಲಿದ್ದವನು. ಹಡಗಿನಿಂದ ಒಂದು ಮೂಟೆ ಇಳಿದರೆ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ. ಈ ವಿದ್ಯೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮೇಲೆ ಅವನು, "ನಾವು ಮ್ಯಾಥ್ಸ್ ಲೈನಿನವರು" ಎಂದು ಹೇಳಿಕೊಂಡು ತಿರುಗುತ್ತಿದ್ದ. ಕೇಳಿದವರು ಹೌದೆಂದು ತಲೆಯಾಡಿಸುತ್ತಿದ್ದರು. ಅವರಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ನಷ್ಟವಾಗುವುದಿದ್ದರೆ ಅವನ ಹೆಂಡತಿ ಸ್ವರ್ಣಲತಾಳಿಗೆ. ಮೀನು ಮಾರುವ ಹೆಂಗಸರ ಸೊಸೈಟಿಯಲ್ಲಿ ಅವಳು ಸಹಾಯಕಿ. ಮೇ ತಿಂಗಳಲ್ಲಿ ಸೊಸೈಟಿಯ ಕಾರ್ಯದರ್ಶಿ ನಿವೃತ್ತರಾಗುವವರಿದ್ದರು. ಆ ಕುರ್ಚಿ ಸ್ವರ್ಣಲತಾಳಿಗೇ ಎಂದು ಎಲ್ಲರೂ ಒಪ್ಪಿದ್ದರು, ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂದು ನಿಯಮ ಹೇಳುತ್ತಿತ್ತು. ಐವತ್ತರ ವಯಸ್ಸಿನಲ್ಲಿ ಅವಳು ಖಾಸಗಿಯಾಗಿ ಪರೀಕ್ಷೆ ಕಟ್ಟಿ, ಉಳಿದದ್ದೆಲ್ಲ ಪಾಸು ಮಾಡಿ, ಗಣಿತದಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದಳು. ಈ ಸಲವೂ ಹೋದರೆ ಕುರ್ಚಿ ಸೊಸೈಟಿಯ ಅಧ್ಯಕ್ಷೆಯ ತಂಗಿಯ ಮಗಳಿಗೆ. ಆ ಹುಡುಗಿ ಗಣಿತದಲ್ಲಿ ಪಾಸಾದವಳು, ಮೀನಿನ ವಾಸನೆ ಬಂದರೆ ಮೂಗಿಗೆ ಸೆಂಟಿನ ಕರವಸ್ತ್ರ ಹಿಡಿಯುವವಳು.

ಸ್ವರ್ಣಲತಾಳಿಗೆ ಪಾಠ ಹೇಳುತ್ತಿದ್ದದ್ದು ವಿಲ್ಲಿಯ ಹೆಂಡತಿ ಹೆಲನ್ ಟೀಚರ್. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸಂಜೆ ಹೊತ್ತು ಕಂಪೌಂಡು ಗೋಡೆಯ ಆಚೆ ಟೀಚರ್, ಈಚೆ ಶಿಷ್ಯೆ, ಗೋಡೆಯ ಮೇಲೆ ಪುಸ್ತಕ. ಒಂದು ಸಂಜೆ ಸ್ವರ್ಣಲತಾ ಲೆಕ್ಕವನ್ನು ಗಟ್ಟಿಯಾಗಿ ಓದಿದಳು. ಒಂದು ಚೀಲದಲ್ಲಿ ನಾಲ್ಕು ಕೆಂಪು ಚೆಂಡುಗಳೂ ಕೆಲವು ನೀಲಿ ಚೆಂಡುಗಳೂ ಇವೆ. ನೋಡದೆ ಒಂದು ಚೆಂಡು ತೆಗೆದರೆ ಅದು ನೀಲಿಯಾಗಿರುವ ಸಂಭವನೀಯತೆ, ಕೆಂಪಾಗಿರುವ ಸಂಭವನೀಯತೆಯ ಮೂರು ಪಟ್ಟು. ನೀಲಿ ಚೆಂಡುಗಳು ಎಷ್ಟು?

"ಏಳು," ಎಂದ ಪೂವಪ್ಪ, ಈಸಿಚೇರಿನಿಂದ.

ಯಾರೂ ಅವನನ್ನು ಕೇಳಿರಲಿಲ್ಲ.

"ಹೇಗೆ ಬಂತು ಪೂವಪ್ಪಣ್ಣ?" ಎಂದರು ಹೆಲನ್ ಟೀಚರ್.

"ಹೇಗೆ ಅಂದ್ರೆ ಎಂತ ಟೀಚರ್? ನಾಲ್ಕು ಉಂಟು, ಮೂರು ಉಂಟು. ಏಳು. ಹಡಗಿನ ಲೆಕ್ಕವನ್ನೇ ನಿಂತಲ್ಲಿ ಮಾಡಿದವ ನಾನು. ಇದೆಲ್ಲ ಮಕ್ಕಳಾಟ."

ಟೀಚರ್ ನಗಲಿಲ್ಲ. ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವರು ಪಾಠ ಮಾಡುವ ದನಿಯಲ್ಲಿ ಹೇಳಿದರು: "ನೀಲಿ ಚೆಂಡು ಎಷ್ಟು ಅಂತ ಗೊತ್ತಿಲ್ಲ ಅಲ್ವಾ, ಅದಕ್ಕೆ ಎಕ್ಸ್ ಅನ್ನುವ. ಆಗ ಒಟ್ಟು ಎಕ್ಸ್ ಪ್ಲಸ್ ನಾಲ್ಕು. ನೀಲಿ ಬರುವ ಸಂಭವನೀಯತೆ ಎಕ್ಸ್ ಭಾಗಿಸು ಒಟ್ಟು. ಕೆಂಪಿನದ್ದು ನಾಲ್ಕು ಭಾಗಿಸು ಒಟ್ಟು. ಮೊದಲನೆಯದ್ದು ಎರಡನೆಯದ್ದರ ಮೂರು ಪಟ್ಟು. ಕೆಳಗಿನ ಒಟ್ಟು ಎರಡೂ ಕಡೆ ಒಂದೇ, ಅದನ್ನು ಹೊಡೆದು ಹಾಕಿ. ಎಂತ ಉಳೀತು? ಎಕ್ಸ್ ಅಂದ್ರೆ ನಾಲ್ಕರ ಮೂರು ಪಟ್ಟು. ಹನ್ನೆರಡು."

"ಹನ್ನೆರಡು," ಎಂದಳು ಸ್ವರ್ಣಲತಾ, ಅವಳ ಮುಖ ಅರಳಿತು.

ವಿಲ್ಲಿ ಆಚೆ ಕಡೆ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ. "ಏಳಕ್ಕೂ ಹನ್ನೆರಡಕ್ಕೂ ಸ್ವಲ್ಪ ದೂರ ಉಂಟು ಮಾರಾಯ," ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನೊಬ್ಬನಾಗಿದ್ದರೆ ಕೆಮ್ಮಿ ಒಳಗೆ ಹೋಗುತ್ತಿದ್ದ. ಪೂವಪ್ಪ ಕುರ್ಚಿಯಿಂದೆದ್ದು, ಪಂಚೆ ಎತ್ತಿ ಕಟ್ಟಿ, "ಪುಸ್ತಕದ ಲೆಕ್ಕ ಪುಸ್ತಕದಲ್ಲಿ. ನಾಳೆ ಬೆಳಿಗ್ಗೆ ಬನ್ನಿ, ಪ್ರಾಕ್ಟಿಕಲ್ ಮಾಡಿ ತೋರಿಸ್ತೇನೆ," ಎಂದುಬಿಟ್ಟ.

ಮೀನುಗಾರ ಮೊಗವೀರರ ಮನೆಯಲ್ಲಿ ಕೆಂಪು, ನೀಲಿ ಚೆಂಡು ಎಲ್ಲಿಂದ ಬರಬೇಕು? ಬೆಳಿಗ್ಗೆ ಪೂವಪ್ಪ ಮೀನಿನ ದೋಣಿ ಬಂದು ನಿಲ್ಲುವ ದಕ್ಕೆಗೆ ಹೋಗಿ ನಾಲ್ಕು ಬಂಗುಡೆ, ಹನ್ನೆರಡು ಬೂತಾಯಿ ತಂದ. ಕೆಂಪಿನ ಬದಲು ದಪ್ಪ ಬಂಗುಡೆ, ನೀಲಿಯ ಬದಲು ಸಣ್ಣ ಬೂತಾಯಿ. ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ, ಕಲಸಿ, ಮೇಲೆ ಹಳೆಯ ಪಂಚೆ ಮುಚ್ಚಿ ಜಗಲಿಯಲ್ಲಿಟ್ಟ. ವಿಲ್ಲಿ, ಹೆಲನ್ ಟೀಚರ್, ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಹೆಂಗಸರು ಸೇರಿದರು.

"ಟೀಚರ ಲೆಕ್ಕದ ಪ್ರಕಾರ ನಾಲ್ಕು ಸಲ ಕೈ ಹಾಕಿದ್ರೆ ಮೂರು ಸಲ ಬೂತಾಯಿ ಬರಬೇಕು. ತೆಗೆದದ್ದನ್ನು ವಾಪಸು ಹಾಕಬೇಕು. ಯಾರೂ ನೋಡಬಾರದು. ಸ್ವರ್ಣ, ನೀನು ತೆಗಿ."

ಸ್ವರ್ಣಲತಾ ಮುಖ ಆಚೆ ತಿರುಗಿಸಿ ಪಂಚೆಯಡಿ ಕೈ ಹಾಕಿದಳು. ಬಂಗುಡೆ. ವಾಪಸು ಹಾಕಿ ಇನ್ನೊಮ್ಮೆ ಹಾಕಿದಳು. ಬಂಗುಡೆ. ಹೆಂಗಸರು ಒಬ್ಬೊಬ್ಬರಾಗಿ ಕೈ ಹಾಕಿದರು, ಎಲ್ಲರಿಗೂ ಬಂಗುಡೆ. ಕಣ್ಣು ಮುಚ್ಚಿ ಹಾಕಿದ ವಿಲ್ಲಿಗೆ ಬಂದದ್ದು ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡ ಬಂಗುಡೆ.

"ನೀವು ನೋಡ್ತಾ ಇದ್ದೀರಿ," ಎಂದರು ಹೆಲನ್ ಟೀಚರ್, ಸಿಟ್ಟಿನಿಂದ. ಸೆರಗನ್ನು ಕಣ್ಣಿಗೆ ಕಟ್ಟಿಕೊಂಡು ತಾವೇ ಕೈ ಹಾಕಿದರು. ಊರಿನ ಮಕ್ಕಳಿಗೆಲ್ಲ ಬೀಜಗಣಿತ ಕಲಿಸಿದ ಆ ಕೈ ಬುಟ್ಟಿಯೊಳಗೆ ಸ್ವಲ್ಪ ಹೊತ್ತು ಅತ್ತಿತ್ತ ಹರಿದಾಡಿ, ಒಂದು ಬಂಗುಡೆಯ ಕಿವಿರನ್ನು ಒತ್ತಿ ನೋಡಿ, ಅದನ್ನು ಬಿಟ್ಟು, ಇನ್ನೊಂದು ತಾಜಾ ಬಂಗುಡೆಯನ್ನು ಹಿಡಿದುಕೊಂಡು ಹೊರಗೆ ಬಂತು. ಟೀಚರ್ ಕಣ್ಣಿನ ಕಟ್ಟು ಬಿಚ್ಚಿ ತಮ್ಮ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು.

"ಈಗ ಎಂತ ಹೇಳ್ತೀರಿ?" ಎಂದ ಪೂವಪ್ಪ. "ಎಷ್ಟು ಸಲ ಹಾಕಿದ್ರೂ ಬಂಗುಡೆಯೇ. ಹನ್ನೆರಡು ತಪ್ಪು. ಹಾಗಾದ್ರೆ ಏಳು ಸರಿ."

ಟೀಚರ ಹನ್ನೆರಡು ಬಿದ್ದರೆ ತನ್ನ ಏಳು ಹೇಗೆ ಎದ್ದು ನಿಲ್ಲುತ್ತದೆ ಎಂದು ಪೂವಪ್ಪ ಯೋಚಿಸಲಿಲ್ಲ. ಏಳು ಬೂತಾಯಿ ಹಾಕಿ ನೋಡುವ ಎಂದು ನೆರೆದವರಲ್ಲಿ ಒಬ್ಬರಿಗೂ ತೋಚಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಈ ಊರಿನಲ್ಲಿ ನಾಲ್ಕನೆಯ ಕಾಲನ್ನು ಮುಚ್ಚಿ ಹಿಡಿಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. "ಪುಸ್ತಕವೇ ತಪ್ಪು," ಎಂದು ಒಬ್ಬಳೆಂದಳು. "ಪುಸ್ತಕ ಬರೆದವರು ಮೀನು ಕಂಡಿದ್ದಾರಾ?" ಎಂದಳು ಇನ್ನೊಬ್ಬಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲದ ಡೊಂಕಿಗೆ ಸಾಕ್ಷಿಗಳೂ ಸಿಕ್ಕಿದ್ದರು.

ಪ್ರಯೋಗ ಮುಗಿದ ಮೇಲೆ ಹದಿನಾರು ಮೀನು ಉಳಿಯಿತು. ಬಂದವರೂ ಉಳಿದರು.

"ಸ್ವರ್ಣ, ಇದನ್ನು ಹಾಳು ಮಾಡುವುದು ಬೇಡ. ಸ್ವಲ್ಪ ಮಸಾಲೆ ಹಾಕಿ ಎಣ್ಣೆಯಲ್ಲಿ ಕಾಯಿಸು," ಎಂದ ಪೂವಪ್ಪ.

ಇದರ ಫಲವಾಗಿ ವಿಜ್ಞಾನದ ಬಗ್ಗೆ ಹೊಸಬೆಟ್ಟಿನಲ್ಲಿ ಹಿಂದೆಂದೂ ಕಾಣದ ಆಸಕ್ತಿ ಹುಟ್ಟಿತು. ಮರುದಿನ ಹನ್ನೊಂದು ಗಂಟೆಗೆ, ಅನ್ನವಾಗುವ ಹೊತ್ತಿಗೆ ಸರಿಯಾಗಿ, ಸಂಭವನೀಯತೆ ನೋಡಲು ಜನ ಬಂದರು. ಅದರ ಮರುದಿನ ಅವರ ಭಾವಂದಿರೂ ಬಂದರು. ಎಲ್ಲರೂ ಒಮ್ಮೊಮ್ಮೆ ಕೈ ಹಾಕಿ, ಬಂಗುಡೆ ತೆಗೆದು, "ಅಲ್ವಾ ಮಾರಾಯ್ರೆ, ಎಂತ ತಲೆ" ಎಂದು ಪೂವಪ್ಪನನ್ನು ಹೊಗಳಿ, ಕೈ ತೊಳೆದುಕೊಂಡು ಎಲೆಯ ಮುಂದೆ ಕುಳಿತರು. ಸ್ವರ್ಣಲತಾ ದಿನಾ ನಾಲ್ಕು ಬಂಗುಡೆ, ಹನ್ನೆರಡು ಬೂತಾಯಿ ಕೊಯ್ದು, ತೊಳೆದು, ಮೆಣಸು ಅರೆದು, ಕಾಯಿಸಿ ಬಡಿಸುತ್ತಿದ್ದಳು. ಪರೀಕ್ಷೆ ಹತ್ತಿರವಾಗುತ್ತಿತ್ತು. ಅವಳ ಪುಸ್ತಕ ಗೋಡೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು.

"ನನಗೆ ಓದಲಿಕ್ಕೆ ಉಂಟು," ಎಂದಳು ಒಂದು ದಿನ.

"ಎಂತ ಓದುವುದು? ಆ ತಪ್ಪು ಪುಸ್ತಕವಾ? ಪರೀಕ್ಷೆಯಲ್ಲಿ ಈ ಲೆಕ್ಕ ಬಂದ್ರೆ ನೀನು ಎಂತ ಬರೀತಿ?"

"ಹನ್ನೆರಡು."

"ಹಾಗೆ ಬರೆದ್ರೆ ನನ್ನ ಮರ್ಯಾದೆ ಎಂತ ಆಗ್ತದೆ? ಗಂಡ ಒಂದು ಹೇಳ್ತಾನೆ, ಹೆಂಡತಿ ಒಂದು ಬರೀತಾಳೆ ಅಂತ ಜನ ಹೇಳುವುದಿಲ್ವಾ? ಅದನ್ನು ಬಿಟ್ಟುಬಿಡು. ಬೇರೆ ಲೆಕ್ಕ ಮಾಡು."

"ಬೇರೆ ಲೆಕ್ಕ ನನಗೆ ಬರುವುದಿಲ್ಲ. ಟೀಚರ್ ಹೇಳಿಕೊಟ್ಟದ್ದರಲ್ಲಿ ಸರಿಯಾಗಿ ತಲೆಗೆ ಹೋದದ್ದು ಇದೊಂದೇ. ಇದನ್ನೂ ಬಿಟ್ರೆ ನಾನು ಫೇಲು, ಆ ಸೆಂಟಿನ ಹುಡುಗಿ ಕಾರ್ಯದರ್ಶಿ."

ಪೂವಪ್ಪನಿಗೆ ಇದು ಕೇಳಿಸಲಿಲ್ಲ. ಗೇಟಿನ ಹತ್ತಿರ ತೊಕ್ಕೊಟ್ಟಿನ ಭುವನ್ ಬಂದು ನಿಂತಿದ್ದ. ಮೊಬೈಲು ಕಟ್ಟಿದ ಒಂದು ಕೋಲೇ ಭುವನನ ಸುದ್ದಿ ವಾಹಿನಿ. ಅವನು ಬುಟ್ಟಿಯ ಮುಂದೆ ಪೂವಪ್ಪನನ್ನು ಕೂರಿಸಿ, "ಹೇಳಿ ಸಾರ್, ಇಡೀ ರಾಜ್ಯದ ಮಕ್ಕಳಿಗೆ ಮೋಸ ಆಗಿದೆಯಾ?" ಎಂದು ಕೇಳಿದ. ಜನ್ಮದಲ್ಲಿ ಮೊದಲ ಸಲ 'ಸಾರ್' ಎನಿಸಿಕೊಂಡ ಪೂವಪ್ಪ, "ಆಗಿದೆ," ಎಂದ. ಸಂಜೆಯೊಳಗೆ ಅದು ಊರೆಲ್ಲ ಓಡಾಡಿತು. ನೋಡಿದವರಲ್ಲಿ ಅರ್ಧ ಜನ ಬೀಜಗಣಿತವನ್ನು ಬೈದರು, ಇನ್ನರ್ಧ ಜನ ಬಂಗುಡೆ ಎಲ್ಲಿಯದ್ದು ಎಂದು ಕೇಳಿದರು.

ಯಾರೋ ದೂರು ಬರೆದು ವಿಷಯ ಸರಕಾರಿ ಕಚೇರಿಗೂ ಹೋಯಿತು. ದೂರಿನಲ್ಲಿ ಮೀನೆಂದು ಇದ್ದುದರಿಂದ ಅದನ್ನು ಮೊದಲು ಮೀನಿನ ಕಚೇರಿಗೆ ಕಳಿಸಿದರು. ಅವರು ಇದರಲ್ಲಿ ಚೆಂಡೂ ಇದೆ ಎಂದು ಆಟದ ಕಚೇರಿಗೆ ದಾಟಿಸಿದರು. ಅವರು ಚೆಂಡಿನ ಅಳತೆ ನಮೂದಿಸಿಲ್ಲ ಎಂದು ಹಿಂದೆ ಕಳಿಸಿದರು. ಕೊನೆಗೆ ಹೇಗೋ ಪಾಠಪುಸ್ತಕದ ಕಚೇರಿ ಮುಟ್ಟಿದ ಮೇಲೆ, ಸ್ಥಳ ತನಿಖೆ ಮಾಡಿ ವರದಿ ಕೊಡಿ ಎಂದು ಒಬ್ಬ ಪರಿವೀಕ್ಷಕರನ್ನು ನೇಮಿಸಿದರು. ಅವರು ಘಟ್ಟದ ಮೇಲಿನವರು. ಮಂಗಳೂರಿಗೆ ವರ್ಗವಾಗಿ ಬಂದು ತಿಂಗಳಾಗಿತ್ತು. ಹಂಪನಕಟ್ಟೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಮಹಡಿಯಲ್ಲೇ ರೂಮು ಮಾಡಿಕೊಂಡು, ಗಾಳಿ ಸಮುದ್ರದ ಕಡೆಯಿಂದ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಇಷ್ಟಾದ ಮೇಲೆ ಊರಿನ ಸಂಘ ಸುಮ್ಮನಿರುವುದು ಹೇಗೆ? ಅಧ್ಯಕ್ಷ ಕಮಲೇಶ್ ಎರಡು ವಾರದಿಂದ ಯಾರಿಗೂ ಶಾಲು ಹೊದಿಸಿರಲಿಲ್ಲ, ಅವನ ಕೈ ತುರಿಸುತ್ತಿತ್ತು. "ಪಾಠಪುಸ್ತಕವನ್ನೇ ತಿದ್ದಿದ ನಮ್ಮೂರ ಗಣಿತ ರತ್ನ" ಎಂದು ಬ್ಯಾನರು ಮಾಡಿಸಿದ. ಪರಿವೀಕ್ಷಕರೂ ವೇದಿಕೆಗೇ ಬಂದು ಪ್ರಯೋಗ ನೋಡಲಿ, ತನಿಖೆಗೆ ತನಿಖೆ, ಸನ್ಮಾನಕ್ಕೆ ಸನ್ಮಾನ ಎಂದು ತೀರ್ಮಾನವಾಯಿತು. ದಿನ ಭಾನುವಾರ ಸಂಜೆ. ಸ್ವರ್ಣಲತಾಳ ಗಣಿತ ಪರೀಕ್ಷೆ ಸೋಮವಾರ ಬೆಳಿಗ್ಗೆ.

"ನಾನು ಬರುವುದಿಲ್ಲ. ನಾಳೆ ಪರೀಕ್ಷೆ," ಎಂದಳು ಸ್ವರ್ಣಲತಾ.

"ಸನ್ಮಾನಕ್ಕೆ ಧರ್ಮಪತ್ನಿ ಬೇಕು. ಬ್ಯಾನರಿನಲ್ಲಿ ದಂಪತಿ ಅಂತ ಹಾಕಿಸಿದ್ದೇನೆ," ಎಂದ ಪೂವಪ್ಪ.

ಅವಳು ಬಂದಳು. ಬ್ಯಾಗಿನಲ್ಲಿ ಪುಸ್ತಕ ಇಟ್ಟುಕೊಂಡು ಬಂದು, ಎದುರಿನ ಸಾಲಿನಲ್ಲಿ ಹೆಲನ್ ಟೀಚರ ಪಕ್ಕದಲ್ಲಿ ಕುಳಿತು, ಸ್ವಾಗತ ಭಾಷಣ ಶುರುವಾದ ಕೂಡಲೇ ಅದನ್ನು ಬಿಚ್ಚಿದಳು. ಆ ಭಾಷಣ ಮುಗಿಯುವಷ್ಟರಲ್ಲಿ ಟೀಚರ್ ಅವಳಿಗೆ ಎರಡು ಪಾಠ ಮುಗಿಸಿದರು. ಕಮಲೇಶನ ಭಾಷಣದಲ್ಲಿ ಇನ್ನೂ ಒಂದು ಮುಗಿಯಿತು. ಸಂಘದ ಭಾಷಣಗಳಿಂದ ಒಬ್ಬರಿಗೆ ಉಪಕಾರವಾದದ್ದು ಅದೇ ಮೊದಲು, ಅದೇ ಕೊನೆ.

ವೇದಿಕೆಯ ಮೇಲೆ ಬುಟ್ಟಿ ಬಂತು. ನಾಲ್ಕು ಬಂಗುಡೆ, ಹನ್ನೆರಡು ಬೂತಾಯಿ, ಮೇಲೆ ಈ ಸಲ ಜರಿಯಂಚಿನ ಪಂಚೆ. ಪರಿವೀಕ್ಷಕರು ಕುರ್ಚಿಯನ್ನು ಎರಡು ಸಲ ಹಿಂದಕ್ಕೆ ಸರಿಸಿಕೊಂಡರು. ಕಮಲೇಶ್ ಕೈ ಹಾಕಿದ, ಬಂಗುಡೆ. ಖಜಾಂಚಿ ಹಾಕಿದ, ಬಂಗುಡೆ. ಸಭೆ ಚಪ್ಪಾಳೆ ತಟ್ಟಿತು. ಕಮಲೇಶ್ ಶಾಲಿನ ಮಡಿಕೆ ಬಿಚ್ಚಿದ. ಫೋಟೊದವನು ಮೊಣಕಾಲೂರಿದ. ಪೂವಪ್ಪ ಹೆಗಲನ್ನು ಸ್ವಲ್ಪ ತಗ್ಗಿಸಿ ನಿಂತ.

ಅಷ್ಟಕ್ಕೇ ನಿಲ್ಲಿಸಿದ್ದರೆ ಶಾಲು ಹೆಗಲಿಗೆ ಬೀಳುತ್ತಿತ್ತು. ಆದರೆ ಗೆದ್ದವನಿಗೆ ಇನ್ನೊಂದು ಸಲ ಗೆಲ್ಲುವ ಆಸೆ. "ಸಾಹೇಬರೇ ಒಮ್ಮೆ ಕೈ ಹಾಕಿ ನೋಡಲಿ," ಎಂದ ಪೂವಪ್ಪ ಮೈಕಿನಲ್ಲಿ. "ಆಮೇಲೆ ವರದಿ ಬರೆಯಲಿಕ್ಕೆ ಅನುಕೂಲ."

"ಅಯ್ಯೋ, ಬೇಡಿ ಬೇಡಿ, ನಾನು ನಂಬ್ತೀನಿ," ಎಂದರು ಪರಿವೀಕ್ಷಕರು. "ನಾವು ಅದನ್ನೆಲ್ಲ ಮುಟ್ಟೋದಿಲ್ಲ ಕಣ್ರೀ."

ಸಭೆ ಬಿಡಬೇಕಲ್ಲ. ಭುವನ್ ಕೋಲನ್ನು ಅವರ ಮೂಗಿನ ಹತ್ತಿರ ತಂದ. ಕೆಲಸ ತಪ್ಪಿಸಿಕೊಂಡರು ಎಂದು ಇಡೀ ಜಿಲ್ಲೆ ನೋಡುವುದಕ್ಕಿಂತ ಇದೇ ವಾಸಿ ಎಂದು ಅವರು ಎದ್ದರು. ಬಲಗೈಗೆ ಕರವಸ್ತ್ರ ಸುತ್ತಿದರು. ಎಡಗೈಯಲ್ಲಿ ಮೂಗು ಹಿಡಿದರು. ಕಣ್ಣು ಮುಚ್ಚಿ, ಮುಖವನ್ನು ಸೀಲಿಂಗಿಗೆ ತಿರುಗಿಸಿ, ಮನೆದೇವರನ್ನು ನೆನೆದು ಕೈ ಇಳಿಸಿದರು. ಕೈಗೆ ಮೊದಲು ತಾಗಿದ್ದನ್ನು ಕೆಂಡದಂತೆ ಎತ್ತಿ ಹೊರಗೆ ಬಿಟ್ಟರು.

ಬೂತಾಯಿ.

"ಇನ್ನೊಮ್ಮೆ ಸಾರ್," ಎಂದರು ಹೆಲನ್ ಟೀಚರ್, ಎದ್ದು ನಿಂತು. ಬೂತಾಯಿ. ಇನ್ನೊಮ್ಮೆ. ಬಂಗುಡೆ. ಇನ್ನೊಮ್ಮೆ. ಬೂತಾಯಿ. ನಾಲ್ಕರಲ್ಲಿ ಮೂರು ಬೂತಾಯಿ, ಪುಸ್ತಕದಲ್ಲಿ ಬರೆದಿಟ್ಟ ಹಾಗೆ.

"ಈಗ ನನಗೆ ಅರ್ಥ ಆಯ್ತು," ಎಂದರು ಟೀಚರ್. "ಲೆಕ್ಕ ತಪ್ಪಲ್ಲ. ನಮ್ಮ ಕೈ ತಪ್ಪು. ಹುಟ್ಟಿದಲ್ಲಿಂದ ಮೀನು ಆರಿಸಿ ಆರಿಸಿ ನಮ್ಮ ಕೈಗೆ ಕಣ್ಣು ಬಂದಿದೆ. ಒಳ್ಳೆಯದು ಸಿಗುವವರೆಗೆ ಅದು ಹೊರಗೆ ಬರುವುದಿಲ್ಲ. ನೋಡದೆ ತೆಗೀಬೇಕು ಅಂದ್ರೆ ಇವರ ಹಾಗೆ ತೆಗೀಬೇಕು. ಯಾವುದು ಎಂತ ಅಂತ ಸ್ವಲ್ಪವೂ ಗೊತ್ತಿರಬಾರದು."

ಏನೂ ಗೊತ್ತಿಲ್ಲದೆ ಕೈ ಹಾಕುವುದರಲ್ಲಿ ಕಚೇರಿಯವರನ್ನು ಮೀರಿಸುವವರು ಯಾರು? ಪರಿವೀಕ್ಷಕರು ಅದನ್ನು ಹೊಗಳಿಕೆ ಎಂದೇ ತಿಳಿದು ತಲೆಬಾಗಿದರು.

ಕಮಲೇಶನಿಗೆ ಕಷ್ಟಕ್ಕೆ ಬಂತು. ಬಿಚ್ಚಿದ ಶಾಲನ್ನು ಮಡಚುವ ಪದ್ಧತಿ ಸಂಘದಲ್ಲಿ ಇಲ್ಲ. ಫೋಟೊದವನ ಮೊಣಕಾಲು ನೋಯುತ್ತಿತ್ತು. ಅಧ್ಯಕ್ಷ ಒಂದು ಹೆಜ್ಜೆ ಎಡಕ್ಕಿಟ್ಟು, "ಮಂಗಳೂರಿನ ಏಕೈಕ ನಿಷ್ಪಕ್ಷಪಾತ ಹಸ್ತಕ್ಕೆ" ಎಂದು ಹೇಳಿ, ಶಾಲನ್ನು ಪರಿವೀಕ್ಷಕರಿಗೆ ಹೊದಿಸಿಬಿಟ್ಟ. ತಗ್ಗಿಸಿದ ಹೆಗಲು ತಗ್ಗಿಸಿದಂತೆಯೇ ಇದ್ದ ಪೂವಪ್ಪನೂ ಫೋಟೊದಲ್ಲಿ ಬಂದ. ನೋಡಿದವರಿಗೆ ಅವನು ನೆಲದಲ್ಲಿ ಏನನ್ನೋ ಹುಡುಕುವಂತೆ ಕಾಣುತ್ತಿತ್ತು. ಪರಿವೀಕ್ಷಕರು ಸಭೆ ಮುಗಿಯುವ ಮೊದಲೇ ಇಳಿದು ಹೋಗಿ, ನಲ್ಲಿಯ ಕೆಳಗೆ ಸಂಘದ ಒಂದು ಇಡೀ ಸಾಬೂನು ಮುಗಿಸಿ ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಸ್ವರ್ಣಲತಾ ಪರೀಕ್ಷೆಯಿಂದ ಬಂದಾಗ ಪೂವಪ್ಪ ಗೇಟಿನಲ್ಲೇ ನಿಂತಿದ್ದ.

"ಆ ಲೆಕ್ಕ ಬಂತಾ?"

"ಅದೇ ನಮೂನೆಯದ್ದು ಬಂತು. ಐದು ಬಿಳಿ ಚೆಂಡು, ಕೆಲವು ಕಪ್ಪು. ಕಪ್ಪಿನ ಸಂಭವನೀಯತೆ ಬಿಳಿಯ ಎರಡು ಪಟ್ಟು."

ಪೂವಪ್ಪ ಬೆರಳು ಮಡಚಿದ. ಐದು ಉಂಟು, ಎರಡು ಉಂಟು. ಅವನ ಮುಖಕ್ಕೆ ಭಾನುವಾರದಿಂದ ಹೋಗಿದ್ದ ಕಳೆ ವಾಪಸು ಬಂತು. "ಏಳು," ಎಂದ. "ನೋಡು, ಎಲ್ಲಿ ಹೋದ್ರೂ ತಿರುಗಿ ಅಲ್ಲಿಗೇ ಬರ್ತದೆ. ಏಳು ಬರೆದಿಯಲ್ಲ?"

"ಹತ್ತು ಬರೆದೆ."

"ಹೋಯ್ತು," ಎಂದ ಪೂವಪ್ಪ. ಅಂದಿನಿಂದ ಫಲಿತಾಂಶದವರೆಗೆ ಸಿಕ್ಕಿದವರಿಗೆಲ್ಲ, "ಏಳು ಅಂತ ಹೇಳಿದ್ದೆ, ಕೇಳಲಿಲ್ಲ," ಎಂದು ಮರುಗುತ್ತಾ ತಿರುಗಿದ.

ಸ್ವರ್ಣಲತಾ ಪಾಸಾದಳು. ಸೆಂಟಿನ ಹುಡುಗಿಯ ಕರವಸ್ತ್ರ ಅವಳ ಬ್ಯಾಗಿನಲ್ಲೇ ಉಳಿಯಿತು. ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತ ಸ್ವರ್ಣಲತಾ ಮೊದಲು ಮಾಡಿದ ಕೆಲಸ ಸೊಸೈಟಿಯ ಮೀನಿನ ಕಟ್ಟೆಯಲ್ಲಿ ಒಂದು ಬೋರ್ಡು ಹಾಕಿಸಿದ್ದು. ಗಿರಾಕಿಗಳು ಬರಿಗೈಯನ್ನು ಬುಟ್ಟಿಗೆ ಹಾಕಬಾರದು. ಮೊದಲು ಬಂದವರು ಕೆದಕಿ ಕೆದಕಿ ಒಳ್ಳೆಯದನ್ನೆಲ್ಲ ಒಯ್ದು, ಕೊನೆಗೆ ಬಂದ ಬಡವರಿಗೆ ಒಡೆದ ಮೀನು ಉಳಿಯುವುದನ್ನು ಅವಳು ಎಷ್ಟೋ ವರ್ಷ ನೋಡಿದ್ದಳು. ಬೋರ್ಡಿನ ಕೆಳಗೆ ಮೊಳೆಯಲ್ಲಿ ದಪ್ಪದ ಒಂದು ರಬ್ಬರು ಗ್ಲೌಸು ನೇತಾಡುತ್ತಿತ್ತು. ಐಸಿನ ಲೋಡು ಎಳೆಯುವವರು ಹಾಕುವಂಥದ್ದು, ಅದನ್ನು ಹಾಕಿದ ಕೈಗೆ ಬಂಗುಡೆಗೂ ಬಾಗಿಲ ಚಿಲಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲ ದಿನವೇ ಪೂವಪ್ಪ ಚೀಲ ಹಿಡಿದು ಬಂದ. ಸಾಲು ಬಿಟ್ಟು ಮುಂದೆ ಹೋಗಿ ಬುಟ್ಟಿಗೆ ಕೈ ಇಳಿಸಿದ.

"ಗ್ಲೌಸು," ಎಂದಳು ಕಾರ್ಯದರ್ಶಿ.

"ನಾನು ಎಂತದಕ್ಕೆ? ನಾನು ನಿನ್ನ ಗಂಡ ಅಲ್ವಾ?"

"ಹಾಗಾದ್ರೆ ನಿಮಗೆ ನಾನು ಹೇಳಿಕೊಡಬೇಕಾ? ನೋಡದೆ ತೆಗೀಬೇಕು. ಪ್ರಾಕ್ಟಿಕಲ್ ಮಾಡಿದವರು ನೀವೇ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಪೂವಪ್ಪನ ಜಗಲಿಯಲ್ಲಿ ಕುಳಿತು ಕಾಯಿಸಿದ ಬಂಗುಡೆ ತಿಂದವರೇ ಎಲ್ಲಕ್ಕಿಂತ ಜೋರಾಗಿ ನಕ್ಕರು. ಅವನು ಗ್ಲೌಸು ಹಾಕಿ ಕೈ ಇಳಿಸಿದ. ಬೂತಾಯಿ ಬಂತು. ಮತ್ತೆ ಇಳಿಸಿದ, ಬೂತಾಯಿ. ಎಷ್ಟು ಸಲ ಇಳಿಸಿದರೂ ಬೂತಾಯಿಯೇ ಬಂತು.

ಕಾರ್ಯದರ್ಶಿಗೆ ಸಂಜೆಯವರೆಗೆ ಕೆಲಸವಿದ್ದುದರಿಂದ ಮೀನು ಕೊಯ್ಯುವ ಕೆಲಸ ಪೂವಪ್ಪನ ಪಾಲಿಗೆ ಬಂತು. ಅವನು ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಬಂದರಿನಲ್ಲಿ ಮೂಟೆ ಎಣಿಸಿದ ಹಾಗೆ, ಒಂದೊಂದರ ತಲೆ ತೆಗೆದು ಎಣಿಸಿ ಎಣಿಸಿ ಇಡುತ್ತಿದ್ದ. ಹನ್ನೊಂದಾಯಿತು. ಕೊನೆಯದನ್ನೂ ಕೊಯ್ದು ಇಟ್ಟ. ಹನ್ನೆರಡಾಯಿತು. ಗೋಡೆಯ ಆಚೆಯಿಂದ ವಿಲ್ಲಿಯ ತಲೆ ಮೇಲೆದ್ದಿತು.

"ಬೂತಾಯಿಯಾ ಪೂವಪ್ಪ? ಎಷ್ಟು ಉಂಟು ಮಾರಾಯ?"

ಪೂವಪ್ಪ ಕಲ್ಲಿನ ಮೇಲೆ ಸಾಲಾಗಿದ್ದ ಮೀನುಗಳನ್ನು ಈ ಕೊನೆಯಿಂದ ಆ ಕೊನೆಯವರೆಗೆ ಇನ್ನೊಮ್ಮೆ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ.

"ಏಳು."